ಗೋಡೆಯೊಳಗೆ ಬಚ್ಚಿಟ್ಟ ಮೊಟ್ಟೆ

ಪ್ರಶ್ನೆ: ನಮ್ಮ ಹಳೇ ಮನೆಯ ಮಣ್ಣುಗೋಡೆಯಲ್ಲಿ ನೀಲಿಪಟ್ಟೆಯ ಜೇನುನೊಣಗಳು ಗೂಡು ಕೊರೆದಿವೆ. ಕಪ್ಪು ಮೈಮೇಲೆ ನೀಲಿ ಚುಕ್ಕೆಗಳಿರುವ ಇನ್ನೊಂದು ನೊಣ ಅಲ್ಲೇ ಸುಳಿದಾಡುತ್ತಿರುತ್ತದೆ. ಅದು ಕೋಗಿಲೆಯಂತೆ ಕದ್ದು ಮೊಟ್ಟೆಯಿಡುತ್ತದೆ ಎನ್ನುತ್ತಾಳೆ ಮಗಳು. ಕೋಗಿಲೆಯ ಮೊಟ್ಟೆ ಕಾಗೆಯದನ್ನು ಹೋಲುವಂತೆ ಇದರದ್ದೂ ಹೋಲುತ್ತದೆಯೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮಗಳು ಹೇಳಿದ್ದು ಸರಿ. ನೀಲಿಪಟ್ಟೆಯದು ಅಮೆಗಿಲ್ಲಾ, ಚುಕ್ಕೆಯದು ಥೈರಿಯಸ್. ಆದರೆ ಇಲ್ಲಿ ಹೋಲಿಕೆಯ ಅಗತ್ಯವೇ ಬೀಳುವುದಿಲ್ಲ. ಅಮೆಗಿಲ್ಲಾ ತಾಯಿ ಕೋಣೆಯಲ್ಲಿ ಪರಾಗ, ಮಕರಂದದ ಬುತ್ತಿ ತುಂಬಿ, ಒಂದು ಮೊಟ್ಟೆಯಿಟ್ಟು, ಬಾಯಿಗೆ ಮಣ್ಣು ಮೆತ್ತಿದರೆ ಮುಗಿಯಿತು. ಮತ್ತೆ ಒಳಗೆ ಇಣುಕುವುದಿಲ್ಲ. ಥೈರಿಯಸ್ ಆ ಮುಚ್ಚಳವನ್ನು ತೂತು ಮಾಡಿ, ತನ್ನ ಮೊಟ್ಟೆ ಸೇರಿಸಿ, ಮತ್ತೆ ಮಣ್ಣು ಮೆತ್ತುತ್ತದೆ. ಒಡೆದು ಬಂದ ಮರಿಹುಳುವಿಗೆ ಕುಡುಗೋಲಿನಂಥ ದವಡೆಗಳಿರುತ್ತವೆ. ಮನೆಯ ಮಗುವನ್ನು ಕೊಂದು ಬುತ್ತಿಯನ್ನು ತಾನೇ ತಿನ್ನುತ್ತದೆ.

ಮೊಟ್ಟೆಯ ರಚನೆಯಲ್ಲಿ ನಿಜವಾದ ಚಾತುರ್ಯ ಕಾಣುವುದು ತೆರೆದ ಕೋಣೆಗೆ ನುಗ್ಗುವ ಗುಂಪಿನಲ್ಲಿ. ಅಲ್ಲಿ ಮನೆಯೊಡತಿ ಇನ್ನೂ ಬುತ್ತಿ ಹೊರುತ್ತಿರುತ್ತಾಳೆ, ಹತ್ತಾರು ಸಲ ಒಳಗೆ ಬಂದುಹೋಗುತ್ತಾಳೆ. ಮೊಟ್ಟೆ ಅವಳಿಗೆ ತಗುಲಿದರೆ ಕೆಲಸ ಕೆಟ್ಟಿತು. ಉತ್ತರ ಅಮೆರಿಕದ ಎಪಿಯೋಲಸ್ ಅನ್ನೇ ನೋಡಿ. ಇದು ದಾಳಿಯಿಡುವ ಕೊಲೆಟಿಸ್ ನೊಣ ತನ್ನ ಕೋಣೆಯ ಒಳಮೈಗೆ ಸೆಲ್ಲೋಫೇನ್ ಕಾಗದದಂಥ ತೆಳುಪೊರೆ ಬಳಿದಿರುತ್ತದೆ. ಎಪಿಯೋಲಸ್ ಹೊಟ್ಟೆಯ ತುದಿಯಿಂದ ಆ ಪೊರೆಯನ್ನು ಸೀಳಿ ಮೊಟ್ಟೆಯನ್ನು ಗೋಡೆಯೊಳಕ್ಕೆ ತೂರಿಸುತ್ತದೆ. ಮೊಟ್ಟೆಯ ಮೈಯೆಲ್ಲ ಗೋಡೆಯಲ್ಲಿ ಹುದುಗಿ, ಮುಂತುದಿ ಮಾತ್ರ ಗೋಡೆಯ ಮಟ್ಟಕ್ಕೆ ನಿಲ್ಲುತ್ತದೆ, ಬಾಗಿಲಿಗೆ ಹೊಡೆದ ಮೊಳೆಯ ತಲೆಯ ಹಾಗೆ.

ಜೇನುನೊಣದ ಮೊಟ್ಟೆಗೆ ಕೋಳಿಮೊಟ್ಟೆಯಂತೆ ಸುಣ್ಣದ ಚಿಪ್ಪಿಲ್ಲ. ಕೋರಿಯಾನ್ ಎಂಬ ಪ್ರೋಟೀನಿನ ಹೊರಪೊರೆಯಷ್ಟೇ. ಸಾಧಾರಣ ಜೇನುನೊಣಗಳಲ್ಲಿ ಅದು ತೀರ ತೆಳುವು. ಇಂಥ ಕಳ್ಳಮೊಟ್ಟೆಗಳಲ್ಲಿ ಹೊರಗೆ ಕಾಣುವ ತುದಿಯ ಪೊರೆ ದಪ್ಪಗಾಗಿ, ಕೆಲವು ಜಾತಿಗಳಲ್ಲಿ ಗುಬುಟು ಗುಬುಟಾಗಿರುತ್ತದೆ. ಮತ್ತೆ ಕೆಲವಕ್ಕೆ ಮರಿಹುಳು ತಳ್ಳಿಕೊಂಡು ಬರಲು ಪುಟ್ಟ ಮುಚ್ಚಳವೇ ಇದೆ. ಇವನ್ನೆಲ್ಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ದಶಕಗಳ ಕಾಲ ತಾಳ್ಮೆಯಿಂದ ಬರೆದಿಟ್ಟವರು ನ್ಯೂಯಾರ್ಕಿನ ಅಮೆರಿಕನ್ ನೈಸರ್ಗಿಕ ಇತಿಹಾಸ ಸಂಗ್ರಹಾಲಯದ ಜೆರೋಮ್ ರೋಜೆನ್. ಒಂದು ಮೊಟ್ಟೆಯ ತುದಿಯನ್ನು ನೋಡಿ ಅದರ ತಾಯಿ ಯಾವ ಬಗೆಯ ಕಳ್ಳಿ ಎಂದು ಊಹಿಸುವಷ್ಟು ನಮಗೆ ಇಂದು ತಿಳಿದಿದ್ದರೆ, ಅದರಲ್ಲಿ ಅವರ ಪಾಲು ದೊಡ್ಡದು.

ಪ್ರಶ್ನೆ: ಪರಾವಲಂಬಿಗಳ ಮೊಟ್ಟೆ ಚಿಕ್ಕದಂತೆ. ಏಕೆ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಹೌದು, ಮೈಯ ಅಳತೆಗೆ ಹೋಲಿಸಿದರೆ ಚಿಕ್ಕದೇ. 1966ರಲ್ಲಿ ಜಪಾನಿನ ಇವಾತಾ ಮತ್ತು ಸಕಗಾಮಿ ನಾನಾ ಜೇನುನೊಣಗಳ ಮೊಟ್ಟೆ ಅಳೆದು ಇದನ್ನು ತೋರಿಸಿದರು. ಮರ ಕೊರೆಯುವ ದುಂಬಿಯೊಂದರ ಮೊಟ್ಟೆ 16.5 ಮಿಲಿಮೀಟರ್ ಉದ್ದ! ನಮ್ಮ ಜೇನುಗೂಡಿನ ರಾಣಿಯದು ಸುಮಾರು 1.5. ದುಂಬಿ ಬುತ್ತಿ ಕಟ್ಟುತ್ತ ಒಂದೊಂದೇ ಮೊಟ್ಟೆ ಇಡುವುದರಿಂದ ಅದಕ್ಕೆ ಅಷ್ಟು ದೊಡ್ಡದು ಗಿಟ್ಟುತ್ತದೆ. ಪರಾವಲಂಬಿಯ ಲೆಕ್ಕವೇ ಬೇರೆ. ಬಾಗಿಲು ಯಾವಾಗ ತೆರೆದೀತೋ ತಿಳಿಯದು. ತೆರೆದ ಗಳಿಗೆಯಲ್ಲಿ ಹಣ್ಣಾದ ಮೊಟ್ಟೆ ಕೈಗೆ ಸಿಗಬೇಕು. ಹಾಗಾಗಿ ಒಂದೇ ಹೊತ್ತಿಗೆ ಹಲವು ಮೊಟ್ಟೆ ಸಿದ್ಧವಿರುತ್ತವೆ. ಒಂಟಿ ಜೇನುನೊಣದ ಒಂದೊಂದು ಅಂಡಾಶಯದಲ್ಲಿ ಮೊಟ್ಟೆ ಬೆಳೆಯುವ ಕೊಳವೆಗಳು ಸಾಮಾನ್ಯವಾಗಿ ಮೂರು ಅಥವಾ ನಾಲ್ಕು. ಪರಾವಲಂಬಿಗಳಲ್ಲಿ ಅನೇಕವಕ್ಕೆ ಅದಕ್ಕಿಂತ ಹೆಚ್ಚು. ಮೊಟ್ಟೆ ಸಣ್ಣದಾದರೆ ಬಚ್ಚಿಡುವುದೂ ಸುಲಭ.

ಪ್ರಶ್ನೆ: ನಮ್ಮ ಟೊಮೆಟೊ ಹೂವಿಗೆ ಬರುವುದು ನೀಲಿಪಟ್ಟೆಯ ನೊಣ. ಅದನ್ನು ಉಳಿಸಲು ಥೈರಿಯಸ್ ಕೊಲ್ಲಬೇಕೆ?
– ರೈತರು, ಕೋಲಾರ

ಉತ್ತರ: ಖಂಡಿತ ಬೇಡ. ಮನೆಯೊಡತಿ ಚೆನ್ನಾಗಿರುವ ಕಡೆ ಮಾತ್ರ ಕಳ್ಳಿಯೂ ಬದುಕುತ್ತಾಳೆ. ನೀವು ಉಳಿಸಬೇಕಾದದ್ದು ನೀಲಿಪಟ್ಟೆಯ ನೊಣ ಗೂಡು ಕೊರೆಯುವ ಮಣ್ಣುಗೋಡೆಯನ್ನು, ಅದಕ್ಕೆ ಸಿಮೆಂಟು ಬಳಿಯಬೇಡಿ. ಹೂ ಬಿಟ್ಟಾಗ ಕೀಟನಾಶಕ ಹೊಡೆಯಬೇಡಿ. ಸಂಜೆ ಬೇಲಿಯ ಒಣಕಡ್ಡಿಗಳತ್ತ ಒಮ್ಮೆ ಕಣ್ಣು ಹಾಯಿಸಿ: ಥೈರಿಯಸ್ ದವಡೆಯಿಂದ ಕಡ್ಡಿ ಕಚ್ಚಿಕೊಂಡು, ಕಾಲು ಮಡಚಿ ನಿದ್ದೆ ಹೋಗಿರುತ್ತದೆ. ನೀಲಿಪಟ್ಟೆಯ ಗಂಡುನೊಣಗಳು ಮಲಗುವುದೂ ಹೀಗೆಯೇ, ಒಂದೇ ಕಡ್ಡಿಗೆ ಸಾಲಾಗಿ.