ಕ್ಯಾನ್ಸರ್ ಔಷಧಕ್ಕೊಂದು ವಿಳಾಸ ಚೀಟಿ

"ನ್ಯಾನೋ ಔಷಧ ಬಂದಿದೆಯಂತೆ, ನೇರವಾಗಿ ಗಡ್ಡೆಗೇ ಹೋಗುತ್ತದಂತೆ, ಅಡ್ಡ ಪರಿಣಾಮವೇ ಇಲ್ಲವಂತೆ!" ಬಂಧುಗಳಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ತಿಳಿದಾಗ ಇಂಥ ಸುದ್ದಿಗಳು ಊರಿನಿಂದಲೋ ಸ್ನೇಹಿತರಿಂದಲೋ ನಮ್ಮ ಮನೆಗಳನ್ನು ತಲುಪುತ್ತವೆ. ಇದರಲ್ಲಿ ನಿಜವೆಷ್ಟು? ನಾನು ವೈದ್ಯನಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ಓದಿ ತಿಳಿದುಕೊಂಡದ್ದನ್ನು ಸರಳವಾಗಿ ಹೇಳುವ ಪ್ರಯತ್ನವಿದು.

ತೊಂದರೆ ಎಲ್ಲಿದೆ?

ಕೀಮೋಥೆರಪಿಯ ಔಷಧ ರಕ್ತದೊಡನೆ ಇಡೀ ದೇಹವನ್ನು ಸುತ್ತುತ್ತದೆ. ಬೇಗ ಬೇಗ ವಿಭಜನೆಯಾಗುವ ಜೀವಕೋಶಗಳನ್ನು ಕೊಲ್ಲುತ್ತದೆ. ಕೂದಲಿನ ಬುಡ, ಕರುಳಿನ ಒಳಪದರ, ಮೂಳೆಮಜ್ಜೆಗಳ ಕೋಶಗಳೂ ಹೀಗೆಯೇ ವಿಭಜನೆಯಾಗುವುದರಿಂದ ಅವಕ್ಕೂ ಪೆಟ್ಟು ಬೀಳುತ್ತದೆ. ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧ ಹೃದಯಕ್ಕೂ ಹಾನಿ ಮಾಡಬಲ್ಲದು. ಆದ್ದರಿಂದ ಒಬ್ಬ ರೋಗಿಗೆ ಒಟ್ಟು ಇಷ್ಟೇ ಕೊಡಬೇಕೆಂಬ ಮಿತಿ ಇದೆ.

ನ್ಯಾನೋ ವಾಹನ

1 ನ್ಯಾನೋಮೀಟರ್ ಎಂದರೆ ಒಂದು ಮೀಟರಿನ 100 ಕೋಟಿಯಲ್ಲಿ ಒಂದು ಭಾಗ. ಸುಮಾರು 100 ನ್ಯಾನೋಮೀಟರ್ ಗಾತ್ರದ ಕಣ ಆರೋಗ್ಯವಂತ ರಕ್ತನಾಳದ ಗೋಡೆ ದಾಟಿ ಸುಲಭವಾಗಿ ಹೊರಬರದು. ಗಡ್ಡೆಯ ರಕ್ತನಾಳಗಳಾದರೋ ಅವಸರದಲ್ಲಿ ಬೆಳೆದವು, ಸಂದುಗಳಿಂದ ಕೂಡಿದವು. ಅಲ್ಲಿ ದೊಡ್ಡ ಅಣುಗಳು ಸೋರಿ ಶೇಖರವಾಗುವುದನ್ನು 1986ರಲ್ಲಿ ಜಪಾನಿನ ಮತ್ಸುಮುರಾ ಮತ್ತು ಮಾಯೆದಾ ತೋರಿಸಿದರು.

1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡಾಕ್ಸಿಲ್ ಇಂಥದೇ: ಕೊಬ್ಬಿನ ಪುಟ್ಟ ಗುಳ್ಳೆಯೊಳಗೆ ತುಂಬಿದ ಡಾಕ್ಸೊರುಬಿಸಿನ್. ಅದು ಮೊದಲು ಬಂದದ್ದು ಏಡ್ಸ್ ರೋಗಿಗಳ ಕಪೋಸಿ ಸಾರ್ಕೋಮಾಕ್ಕೆ, ಅಂದರೆ ನಮ್ಮ ಪೂರ್ವ ಆಫ್ರಿಕಾಕ್ಕೆ ಚೆನ್ನಾಗಿ ಗೊತ್ತಿರುವ ಕ್ಯಾನ್ಸರಿಗೆ. 2005ರಲ್ಲಿ ಆಲ್ಬುಮಿನ್ ಪ್ರೊಟೀನಿನ ಕಣಗಳುಳ್ಳ ಅಬ್ರಾಕ್ಸೇನ್ ಬಂತು. ಭಾರತದಲ್ಲಿ ಅದನ್ನು 2008ರಲ್ಲಿ ಮಾರುಕಟ್ಟೆಗೆ ತಂದದ್ದು ಬೆಂಗಳೂರಿನ ಬಯೋಕಾನ್. ಡಾಕ್ಸಿಲ್‌ನಿಂದ ಹೃದಯಕ್ಕೆ ಹಾನಿ ಕಡಿಮೆಯಾಯಿತು. ಆದರೆ ಅಂಗೈ, ಅಂಗಾಲು ಉರಿದು ಚರ್ಮ ಸುಲಿಯುವ ತೊಂದರೆ ಕೆಲವರಿಗೆ ಬಂತು. ಅಡ್ಡ ಪರಿಣಾಮವೇ ಇಲ್ಲ ಎಂಬುದು ಸರಿಯಲ್ಲ.

ಪೆಪ್ಟೈಡ್ ಎಂಬ ಚೀಟಿ

ಈ ಎರಡಕ್ಕೂ ವಿಳಾಸ ಚೀಟಿಯಿಲ್ಲ. ಅದನ್ನು ಅಂಟಿಸುವ ಕೆಲಸ ಪೆಪ್ಟೈಡಿನದು. ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಉದ್ದನೆಯ ಸರವೇ ಪ್ರೊಟೀನು. ಕೆಲವೇ ಮಣಿಗಳ ತುಂಡು ಸರ ಪೆಪ್ಟೈಡ್. ಆರ್ಜಿನೀನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರೇ ಮಣಿಗಳ ಆರ್‌ಜಿಡಿಯನ್ನು 1984ರಲ್ಲಿ ಪಿಯರ್ಶ್‌ಬಾಕರ್ ಮತ್ತು ರೂಸ್ಲಾಹ್ಟಿ ಗುರುತಿಸಿದರು. ಗಡ್ಡೆಯ ಹೊಸ ರಕ್ತನಾಳಗಳ ಮೇಲೆ ಹೆಚ್ಚಾಗಿರುವ ಇಂಟೆಗ್ರಿನ್ ಎಂಬ ಪ್ರೊಟೀನಿಗೆ ಇದು ಬೀಗಕ್ಕೆ ಕೀಲಿಯಂತೆ ಹೊಂದುತ್ತದೆ. ಇಂಥ ಪೆಪ್ಟೈಡುಗಳನ್ನು ಕಣದ ಮೈಮೇಲೆ ಜೋಡಿಸಿದರೆ ಕಣ ಅಲ್ಲಿ ಹಿಡಿದು ನಿಲ್ಲಬಹುದು.

ವಿಳಾಸವಿದ್ದರೆ ಸಾಕೇ?

ಲೊರೆಶೋದ ಮನೆಗೆ ಪಾರ್ಸೆಲ್ ಬರಬೇಕಾದರೆ ವಿಳಾಸ ಬರೆದರಷ್ಟೇ ಸಾಲದು. ವೈಯಾಕಿ ವೇ ಟ್ರಾಫಿಕ್ ದಾಟಬೇಕು, ಗೇಟಿನ ಅಸ್ಕರಿ ಬಿಡಬೇಕು. ದೇಹದೊಳಗಿನ ಅಸ್ಕರಿಗಳು ಯಕೃತ್ತು ಮತ್ತು ಗುಲ್ಮ. ಹೆಚ್ಚಿನ ಕಣಗಳನ್ನು ಅವೇ ಹಿಡಿದುಬಿಡುತ್ತವೆ. ಪೆಪ್ಟೈಡ್ ಕಣವನ್ನು ದೂರದಿಂದ ಎಳೆದು ತರುವುದಿಲ್ಲ. ರಕ್ತ ಕೊಂಡೊಯ್ದು ಬಾಗಿಲಿಗೆ ತಾಗಿಸಿದ ಮೇಲಷ್ಟೇ ಅದರ ಕೆಲಸ. 2016ರಲ್ಲಿ ಟೊರಾಂಟೊ ವಿಜ್ಞಾನಿಗಳು ಹಿಂದಿನ 10 ವರ್ಷಗಳ ಪ್ರಾಣಿಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಚೀಟಿಯಿಲ್ಲದ ಕಣಗಳಲ್ಲಿ ಗಡ್ಡೆಗೆ ತಲುಪಿದ್ದು ಸುಮಾರು ಶೇಕಡಾ 0.6; ಚೀಟಿ ಇದ್ದವುಗಳಲ್ಲಿ 0.9. ಹೆಚ್ಚಾದದ್ದು ನಿಜ, ಆದರೂ ನೂರಕ್ಕೆ ಒಂದೂ ಇಲ್ಲ!

ಹಾಗೆಂದು ನಿರಾಶೆ ಬೇಡ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲುಟಾಥೆರಾ ಔಷಧದಲ್ಲಿ ಪೆಪ್ಟೈಡ್ ಒಂದು ವಿಕಿರಣಶೀಲ ಪರಮಾಣುವನ್ನು ಕೆಲವು ಜಾತಿಯ ಗಡ್ಡೆಗಳಿಗೆ ಒಯ್ಯುತ್ತದೆ. ಅದು ನ್ಯಾನೋ ಕಣವಲ್ಲ, ಆದರೆ ಪೆಪ್ಟೈಡ್ ಚೀಟಿ ಮನುಷ್ಯರಲ್ಲೂ ಕೆಲಸ ಮಾಡುತ್ತದೆಂಬುದಕ್ಕೆ ಸಾಕ್ಷಿ.

ನಾವು ಕೇಳಬೇಕಾದ ಪ್ರಶ್ನೆಗಳು

ಹೊಸ ಔಷಧದ ಸುದ್ದಿ ಬಂದಾಗ ನಿಮ್ಮ ವೈದ್ಯರನ್ನು ಕೇಳಿ:

1. ಪ್ರಯೋಗ ನಡೆದದ್ದು ಇಲಿಗಳ ಮೇಲೋ, ಮನುಷ್ಯರ ಮೇಲೋ?

2. ಇದೇ ಕ್ಯಾನ್ಸರಿಗೆ ಒಪ್ಪಿಗೆ ಇದೆಯೇ? ಕೀನ್ಯಾದಲ್ಲಿ ಅದನ್ನು ನೋಡಿಕೊಳ್ಳುವುದು ಫಾರ್ಮಸಿ ಆ್ಯಂಡ್ ಪಾಯಿಸನ್ಸ್ ಬೋರ್ಡ್.

3. ಇನ್ನೂ ಪ್ರಯೋಗದ ಹಂತವಾದರೆ ಅದು ಸರ್ಕಾರಿ ನೋಂದಣಿಯಲ್ಲಿದೆಯೇ? ಭಾರತದಲ್ಲಿ ಇದಕ್ಕೆ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇದೆ; ಯಾರು ಬೇಕಾದರೂ ನೋಡಬಹುದು.

ನಾಳೆ ಬರಬಹುದಾದ ಔಷಧಕ್ಕಾಗಿ ಕಾಯುತ್ತಾ ಇಂದು ಲಭ್ಯವಿರುವ ಚಿಕಿತ್ಸೆಯನ್ನು ಮಾತ್ರ ಮುಂದೂಡಬೇಡಿ. ವಿಜ್ಞಾನಿಗಳಿಗೆ ಸಮಯವಿದೆ, ಗಡ್ಡೆ ಕಾಯುವುದಿಲ್ಲ.