ಮೊದಲ ವರ್ಷದ ಲೆಕ್ಕ

ಒಟ್ಟಾವ,
20 ಜುಲೈ 2025

ಚಿ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಪಟ್ಟಿ ಬಂತು. ಸ್ಟ್ಯಾಟಿಸ್ಟಿಕ್ಸ್ ಓದಲೆಂದು ಮಾಂಟ್ರಿಯಲ್‌ಗೆ ಹೋದವಳು ಒಂದೇ ಚಳಿಗಾಲದಲ್ಲಿ ಐಸ್ ಹಾಕಿ ಹುಚ್ಚು ಹಚ್ಚಿಕೊಂಡಿದ್ದಾಳೆ ಅಂತ ನಿಮ್ಮಪ್ಪ ಫೋನಿನಲ್ಲಿ ಗೊಣಗಿದ. ಆ ಊರಲ್ಲಿದ್ದೂ ಹಚ್ಚಿಕೊಳ್ಳದಿದ್ದರೆ ಡಾಕ್ಟರಿಗೆ ತೋರಿಸಬೇಕು ಕಣೋ ಎಂದು ಅವನ ಬಾಯಿ ಮುಚ್ಚಿಸಿದ್ದೇನೆ.

ನಿನ್ನ ಪಟ್ಟಿಯಲ್ಲಿರುವುದು ಉತ್ತರ ಅಮೆರಿಕದ ಐಸ್ ಹಾಕಿ ಲೀಗಾದ ಎನ್‌ಎಚ್‌ಎಲ್‌ನ ಡ್ರಾಫ್ಟಿನಲ್ಲಿ ಮೊದಲ ಸ್ಥಾನಗಳಲ್ಲಿ ಆಯ್ಕೆಯಾದ ಹುಡುಗರ ಹೆಸರು, ಎದುರಿಗೆ ಅವರ ಮೊದಲ ಸೀಸನ್ನಿನ ಪಾಯಿಂಟು (ಗೋಲು ಹೊಡೆದರೂ, ಹೊಡೆಯಲು ನೆರವಾದರೂ ಒಂದೊಂದು), ಹೆಚ್ಚಿನದು ಮೇಲೆ, ಕಡಿಮೆಯದು ಕೆಳಗೆ. ಅಚ್ಚುಕಟ್ಟಾಗಿದೆ. ಕೊನೆಗೊಂದು ಪ್ರಶ್ನೆ: "ಬರೀ ಹತ್ತು ಪಾಯಿಂಟ್ ಮಾಡಿದ ಸ್ಲಾಫ್ಕೋವ್‌ಸ್ಕಿಯನ್ನು ಮಾಂಟ್ರಿಯಲ್ ಕೆನೇಡಿಯನ್ಸ್ ಮೊದಲು ಆರಿಸಿದ್ದು ತಪ್ಪಲ್ವಾ ದೊಡ್ಡಪ್ಪ?" ಒಟ್ಟಾವ ಸೆನೆಟರ್ಸ್ ಅಭಿಮಾನಿಯನ್ನೇ ಹಿಡಿದು ಕೇಳಿದ್ದೀಯಲ್ಲ, ನಿನ್ನ ಧೈರ್ಯಕ್ಕೆ ಮೆಚ್ಚಬೇಕು.

ಪಟ್ಟಿಯನ್ನು ನಿನ್ನ ದೊಡ್ಡಮ್ಮನಿಗೂ ತೋರಿಸಿದೆ. ಡ್ರಾಫ್ಟ್ ಎಂದರೇನೆಂದು ಅವಳಿಗೆ ಹೇಳಬೇಕಾಯಿತು: ಹೋದ ಸಲ ಹಿಂದೆ ಬಿದ್ದ ತಂಡಗಳ ನಡುವೆ ಲಾಟರಿ, ಗೆದ್ದ ತಂಡಕ್ಕೆ ಮೊದಲ ಆಯ್ಕೆ, ಆ ವರ್ಷದ ಸೆಪ್ಟೆಂಬರ್ 15ರೊಳಗೆ ಹುಡುಗನಿಗೆ 18 ತುಂಬಬೇಕು. "ಮೀಸೆ ಚಿಗುರುವ ವಯಸ್ಸಿನ ಹುಡುಗರನ್ನು ಸಾಲಾಗಿ ನಿಲ್ಲಿಸಿ ನಂಬರು ಹಾಕ್ತಾರಾ?" ಎಂದಳು. ಹೌದು, ಹಾಕುತ್ತಾರೆ. ಆ ನಂಬರಿಗೂ ಮೊದಲ ವರ್ಷದ ಪಾಯಿಂಟಿಗೂ ಗಂಟು ಹಾಕುವ ಮೊದಲು ಏನೇನು ನೋಡಬೇಕು ಅನ್ನುವುದನ್ನಷ್ಟೇ ಈ ಕಾಗದದಲ್ಲಿ ಬರೆಯುತ್ತೇನೆ.

ನಿನ್ನ ಪ್ರಶ್ನೆಯಿಂದಲೇ ಶುರು ಮಾಡೋಣ. 2022ರ ಜುಲೈ 7ರಂದು ನಿಮ್ಮೂರಿನ ಬೆಲ್ ಸೆಂಟರ್‌ನಲ್ಲೇ ಡ್ರಾಫ್ಟ್ ನಡೆಯಿತು. ಬಹಳ ಜನ ಕಾಯುತ್ತಿದ್ದದ್ದು ಕಿಂಗ್‌ಸ್ಟನ್‌ನ ಶೇನ್ ರೈಟ್ ಹೆಸರಿಗೆ. ಆ ಸೀಸನ್ನಿನಲ್ಲಿ ಅವನು ಒಂಟಾರಿಯೊ ಜೂನಿಯರ್ ಲೀಗಿನಲ್ಲಿ 63 ಪಂದ್ಯಕ್ಕೆ 94 ಪಾಯಿಂಟ್ ಮಾಡಿದ್ದ. ಸ್ಲೊವಾಕಿಯಾದ ಯುರಾಯ್ ಸ್ಲಾಫ್ಕೋವ್‌ಸ್ಕಿ ಫಿನ್‌ಲ್ಯಾಂಡಿನ ಟಿಪಿಎಸ್ ತಂಡಕ್ಕೆ ಆಡಿ 31 ಪಂದ್ಯದಲ್ಲಿ ಮಾಡಿದ್ದು 10. ನಿನ್ನ ಪಟ್ಟಿಯ ನ್ಯಾಯದಲ್ಲಿ ಇದು ಪೈಪೋಟಿಯೇ ಅಲ್ಲ. ಆದರೆ ರೈಟ್ ಆಡಿದ್ದು ತನ್ನ ಓರಗೆಯ ಹುಡುಗರ ಜೊತೆ. ಸ್ಲಾಫ್ಕೋವ್‌ಸ್ಕಿ ಆಡಿದ್ದು ಹೆಂಡತಿ ಮಕ್ಕಳಿರುವ ಗಂಡಸರ ಜೊತೆ. ಅದೇ ಫೆಬ್ರುವರಿಯಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಏಳು ಪಂದ್ಯಕ್ಕೆ ಏಳು ಗೋಲು ಹೊಡೆದು, ಸ್ಲೊವಾಕಿಯಾಕ್ಕೆ ಕಂಚು ಬರಲು ಕಾರಣನಾಗಿ, ಇಡೀ ಟೂರ್ನಿಯ ಶ್ರೇಷ್ಠ ಆಟಗಾರನೆನಿಸಿಕೊಂಡ. ರೈಟ್‌ನ ಕಡೆಗೂ ಒಂದು ಮಾತಿದೆ. ಕೋವಿಡ್‌ನಿಂದಾಗಿ ಒಂಟಾರಿಯೊ ಲೀಗಿನ 2020–21ರ ಸೀಸನ್ ಪೂರ್ತಿ ರದ್ದಾಯಿತು. ಆಡಿ ಬೆಳೆಯಬೇಕಾದ ವಯಸ್ಸಿನ ಒಂದು ವರ್ಷ ಅವನ ಕೈತಪ್ಪಿತು.

ಕೊನೆಗೆ ಸ್ಲಾಫ್ಕೋವ್‌ಸ್ಕಿ ಮೊದಲನೆಯವನಾದ, ರೈಟ್ ನಾಲ್ಕನೆಯವನಾಗಿ ಸಿಯಾಟಲ್‌ಗೆ ಹೋದ. ಮುಂದಿನದು ಇನ್ನೂ ಸ್ವಾರಸ್ಯ. ಕೆನಡಾದ ಜೂನಿಯರ್ ಲೀಗುಗಳಿಂದ ಬಂದ ಹುಡುಗನನ್ನು 20 ತುಂಬುವವರೆಗೆ ಸಾಮಾನ್ಯವಾಗಿ ಒಂದು ಮೆಟ್ಟಿಲು ಕೆಳಗಿನ ಲೀಗಾದ ಎಎಚ್‌ಎಲ್‌ಗೆ ಕಳಿಸುವಂತಿರಲಿಲ್ಲ. ಒಂದೋ ಎನ್‌ಎಚ್‌ಎಲ್‌ನಲ್ಲೇ ಇಟ್ಟುಕೊಳ್ಳಬೇಕು, ಇಲ್ಲವೇ ವಾಪಸ್ ಜೂನಿಯರ್‌ಗೆ ಅಟ್ಟಬೇಕು. ಹೀಗಾಗಿ ರೈಟ್ ಅದೊಂದೇ ಸೀಸನ್ನಿನಲ್ಲಿ ಸಿಯಾಟಲ್‌ಗೆ ಎಂಟು ಪಂದ್ಯ ಆಡಿದ, ಅಭ್ಯಾಸಕ್ಕೆಂದು ಕೆಲದಿನ ಎಎಚ್‌ಎಲ್‌ಗೆ ಹೋಗಿಬಂದ, ವಿಶ್ವ ಜೂನಿಯರ್ ಚಾಂಪಿಯನ್‌ಶಿಪ್ಪಿನಲ್ಲಿ ಕೆನಡಾದ ನಾಯಕನಾಗಿ ಚಿನ್ನ ಗೆದ್ದ, ಆಮೇಲೆ ವಿಂಡ್ಸರ್‌ನ ಜೂನಿಯರ್ ತಂಡ ಸೇರಿದ. ತಂಡವೇ ನಿಲ್ಲದವನ ಪಾಯಿಂಟನ್ನು ಯಾವ ಅಂಕಣಕ್ಕೆ ಹಾಕುತ್ತೀ? ಅವನ ಮೊದಲ ಎನ್‌ಎಚ್‌ಎಲ್ ಗೋಲು ಬಂದದ್ದು ಮಾತ್ರ ಮಾಂಟ್ರಿಯಲ್ ವಿರುದ್ಧವೇ!

ಸ್ಲಾಫ್ಕೋವ್‌ಸ್ಕಿಯದು 39 ಪಂದ್ಯ, 10 ಪಾಯಿಂಟ್. ಜನವರಿಯಲ್ಲಿ ಗಾಯವಾಗಿ ಸೀಸನ್ ಅಲ್ಲಿಗೇ ಮುಗಿಯಿತು. ಎರಡನೇ ವರ್ಷ ತಂಡದ ಮುಂಚೂಣಿ ಆಟಗಾರರಾದ ಸುಜುಕಿ, ಕಾಫೀಲ್ಡ್ ಜೋಡಿಯ ಪಕ್ಕ ಆಡಲು ಬಿಟ್ಟರು. 82 ಪಂದ್ಯಕ್ಕೆ 50 ಪಾಯಿಂಟ್ ಮಾಡಿದ. ಮರುವರ್ಷ 51. ರೈಟ್ ಒಂದು ವರ್ಷ ಬಹುಪಾಲು ಎಎಚ್‌ಎಲ್‌ನಲ್ಲಿ ಪಳಗಿ, 2024–25ರಲ್ಲಿ 44 ಪಾಯಿಂಟಿಗೆ ಬಂದ. ಮೂರನೆಯವನಾಗಿ ಆಯ್ಕೆಯಾದ ಲೋಗನ್ ಕೂಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಆಡಿಕೊಂಡಿದ್ದು ಆಮೇಲೆ ಬಂದವನು. ಅದೇ 2024–25ರಲ್ಲಿ 65 ಪಾಯಿಂಟ್ ಮಾಡಿ ಇಬ್ಬರನ್ನೂ ದಾಟಿದ. ಆದ್ದರಿಂದ ನಿನ್ನ ಪ್ರಶ್ನೆಗೆ ನನ್ನ ಉತ್ತರ: ತಪ್ಪು ಎನ್ನುವಂಥದ್ದು ನನಗೇನೂ ಕಾಣುತ್ತಿಲ್ಲ. ಒಗಟು ಬಿಡಿಸುವುದೇ ಇದ್ದರೆ ರೈಟ್‌ನ ಜೊತೆಗಿಂತ ಕೂಲಿಯ ಜೊತೆ ಹೋಲಿಸಿ ನೋಡು.

ಇನ್ನು ಹುಟ್ಟಿದ ತಾರೀಕು. ನಿನ್ನ ಪಟ್ಟಿಯಲ್ಲಿ ಇದಿಲ್ಲ, ಇರಲೇಬೇಕು. ಒವೆಚ್ಕಿನ್ ಹುಟ್ಟಿದ್ದು 1985ರ ಸೆಪ್ಟೆಂಬರ್ 17ರಂದು. ಎರಡೇ ದಿನದಲ್ಲಿ 2003ರ ಡ್ರಾಫ್ಟ್ ತಪ್ಪಿತು. ಫ್ಲಾರಿಡಾ ತಂಡದವರು ಬಿಡಬೇಕಲ್ಲ! ಅಧಿಕ ವರ್ಷಗಳ ಹೆಚ್ಚುವರಿ ದಿನಗಳನ್ನೂ ಲೆಕ್ಕಕ್ಕೆ ಹಿಡಿದರೆ ಹುಡುಗನಿಗೆ 18 ತುಂಬಿದ ಹಾಗೇ ಎಂದು ವಾದ ಹೂಡಿ ಅವನ ಹೆಸರು ಕೂಗಲು ನೋಡಿದರು. ಲೀಗು ಒಪ್ಪಲಿಲ್ಲ. 2004ರಲ್ಲಿ ಅವನೇ ಮೊದಲಿಗನಾದ. ಆ ಸೀಸನ್ ಲಾಕೌಟಿನಲ್ಲಿ ಕೊಚ್ಚಿಹೋಯಿತು. ಹೀಗೆ ರಷ್ಯಾದಲ್ಲಿ ಇನ್ನಷ್ಟು ಮಾಗಿ, 20 ತುಂಬಿದ ಮೇಲೆ ಬಂದು 106 ಪಾಯಿಂಟ್ ಮಾಡಿದ. ಅದೇ ವರ್ಷ 18ರ ಕ್ರಾಸ್ಬಿ ಮಾಡಿದ್ದು 102. ನಿನ್ನ ಪಟ್ಟಿಯಲ್ಲಿ ಒವೆಚ್ಕಿನ್ ಮೇಲಿದ್ದಾನೆ. ಇಬ್ಬರ ನಡುವೆ ಸುಮಾರು ಎರಡು ವರ್ಷದ ಅಂತರವಿದೆ ಅನ್ನುವುದನ್ನು ಪಟ್ಟಿ ಹೇಳುವುದಿಲ್ಲ.

ಆಸ್ಟನ್ ಮ್ಯಾಥ್ಯೂಸ್ ಕೂಡ ಸೆಪ್ಟೆಂಬರ್ 17ರ ಹುಡುಗನೇ, 1997ರವನು. ಒಂದು ವರ್ಷ ಕಾಯಬೇಕಾದಾಗ ಜ್ಯೂರಿಕ್‌ಗೆ ಹೋಗಿ ದೊಡ್ಡವರ ಲೀಗಿನಲ್ಲಿ ಆಡಿ ಬಂದ. 2016ರ ಅಕ್ಟೋಬರ್ 12ರಂದು ಅವನ ಮೊಟ್ಟಮೊದಲ ಪಂದ್ಯ, ಅದೂ ನಮ್ಮ ಒಟ್ಟಾವದಲ್ಲಿ. ನಾಲ್ಕು ಗೋಲು ಹೊಡೆದ! ಎರಡನೆಯದನ್ನು ಈಗಲೂ ಯೂಟ್ಯೂಬಿನಲ್ಲಿ ನೋಡು. ನಮ್ಮವರ ನಡುವೆ ನುಸುಳಿ, ಪಕ್ ಕೈಜಾರಿದರೂ ಬಿಡದೆ ಮತ್ತೆ ಕಸಿದುಕೊಂಡು, ಗೋಲಿನ ಪಕ್ಕದ ಇಕ್ಕಟ್ಟಿನಿಂದ ತೂರಿಸಿದ. ಗ್ಯಾಲರಿಯಲ್ಲಿ ಅವನ ತಾಯಿ ಕಣ್ಣೊರೆಸಿಕೊಳ್ಳುತ್ತಿದ್ದರು. ಪಂದ್ಯ ನಾವೇ 5–4ರಲ್ಲಿ ಗೆದ್ದೆವು, ಅದನ್ನೂ ಬರೆದುಕೋ. 2025ರಲ್ಲಿ ಮೊದಲಿಗನಾದ ಮ್ಯಾಥ್ಯೂ ಶೇಫರ್ ಹುಟ್ಟಿದ್ದು 2007ರ ಸೆಪ್ಟೆಂಬರ್ 5ರಂದು. ಹನ್ನೊಂದು ದಿನ ತಡವಾಗಿದ್ದರೆ ಮುಂದಿನ ವರ್ಷದ ಸಾಲಿಗೆ ಹೋಗುವ ಅಂಚಿನಲ್ಲಿದ್ದ. ಆಯ್ಕೆಯಾದ ದಿನ ಮ್ಯಾಥ್ಯೂಸ್‌ಗಿದ್ದ ವಯಸ್ಸಿಗೂ ಇವನದಕ್ಕೂ ಹತ್ತಿರ ಹತ್ತಿರ ಒಂದು ವರ್ಷದ ವ್ಯತ್ಯಾಸ. ಆ ವಯಸ್ಸಿನಲ್ಲಿ ಒಂದು ವರ್ಷಕ್ಕೆ ಭುಜ ಎಷ್ಟು ಅಗಲವಾಗುತ್ತದೆ ಅಂತ ನಿನ್ನ ತಮ್ಮನನ್ನೇ ನೋಡು.

ಪಂದ್ಯಗಳ ಎಣಿಕೆ ಹಾಕದೆ ಬರೀ ಮೊತ್ತ ಹಾಕಿದ್ದೀಯ. ಅದರಿಂದಾಗಿ 2015ರ ಮೊದಲಿಗ ಮೆಕ್‌ಡೇವಿಡ್ (48), ಎರಡನೆಯವನಾದ ಐಕೆಲ್‌ನ (56) ಕೆಳಗೆ ಕೂತಿದ್ದಾನೆ. ಮೆಕ್‌ಡೇವಿಡ್ ಕಾಲರ್‌ಬೋನ್ ಮುರಿದುಕೊಂಡು ಆಡಿದ್ದು 45 ಪಂದ್ಯ, ಐಕೆಲ್ 81. ಇಷ್ಟು ನಿನಗೆ ಹೊಳೆಯಬೇಕಿತ್ತು.

ಎಲ್ಲಕ್ಕಿಂತ ನನಗೆ ಇಷ್ಟವಾದ ಜೋಡಿ 1997ರದು. ಬಾಸ್ಟನ್ ಆ ವರ್ಷ ಮೊದಲನೆಯವನಾಗಿ ಜೋ ಥಾರ್ನ್‌ಟನ್‌ನನ್ನೂ ಎಂಟನೆಯವನಾಗಿ ಸ್ಯಾಮ್ಸೊನೊವ್‌ನನ್ನೂ ಆರಿಸಿತು. ಒಂದೇ ತಂಡ, ಒಬ್ಬನೇ ಕೋಚ್. ಸ್ಯಾಮ್ಸೊನೊವ್ 22 ಗೋಲು ಹೊಡೆದು ಹೊಸಬರ ಪ್ರಶಸ್ತಿಯನ್ನೇ ಗೆದ್ದ. ಥಾರ್ನ್‌ಟನ್ 55 ಪಂದ್ಯಕ್ಕೆ ಏಳೇ ಪಾಯಿಂಟ್. ಸ್ಯಾಮ್ಸೊನೊವ್ ಅದರ ಹಿಂದಿನ ವರ್ಷವೇ ಡೆಟ್ರಾಯಿಟ್‌ನ ಮೈನರ್ ಲೀಗ್ ತಂಡದಲ್ಲಿ ದೊಡ್ಡವರೊಡನೆ ಆಡಿದ್ದ. ಥಾರ್ನ್‌ಟನ್ ಜೂನಿಯರ್‌ನಿಂದ ನೇರ ಬಂದವನು, ಮೈ ಎತ್ತರವಾಗಿತ್ತು, ಇನ್ನೂ ತುಂಬಿಕೊಂಡಿರಲಿಲ್ಲ. ಅವನೇ ಮುಂದೆ 2005–06ರಲ್ಲಿ 125 ಪಾಯಿಂಟ್ ಮಾಡಿ ಲೀಗಿನ ಅತ್ಯುತ್ತಮ ಆಟಗಾರನಾದ. ಒಟ್ಟು 1,500 ಪಾಯಿಂಟ್ ದಾಟಿದ.

ಹಾಗಂತ ಮೊದಲ ವರ್ಷ ಏನನ್ನೂ ಹೇಳುವುದಿಲ್ಲ ಎನ್ನಬೇಡ. ಕ್ರಾಸ್ಬಿಯ 102 ಸುಳ್ಳು ಹೇಳಲಿಲ್ಲ. ತುಂಬಾ ಹೆಚ್ಚು ಬಂದರೆ ನಂಬಬಹುದು; ಕಡಿಮೆ ಬಂದಾಗ ಕಾರಣ ಹುಡುಕಬೇಕು, ಅಷ್ಟೇ. ಸಾಧಾರಣ ಬಂದಾಗ ಇನ್ನೂ ಎಚ್ಚರ ಬೇಕು. 1993ರಲ್ಲಿ ನಮ್ಮ ಒಟ್ಟಾವ ಮೊದಲನೆಯವನಾಗಿ ಅಲೆಕ್ಸಾಂದ್ರ್ ಡೇಗ್‌ನನ್ನು ಆರಿಸಿತು. ಎರಡನೆಯವನನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ ಎಂದು ಹುಡುಗ ಆವತ್ತು ಬಾಯಿಬಿಟ್ಟು ಹೇಳಿಯೂಬಿಟ್ಟ. ಮೊದಲ ವರ್ಷ ಅವನು 51 ಪಾಯಿಂಟ್, ಎರಡನೆಯವನಾದ ಕ್ರಿಸ್ ಪ್ರಾಂಗರ್ 30. ಪ್ರಾಂಗರ್ ಡಿಫೆನ್ಸ್ ಆಟಗಾರ, ಗೋಲು ತಡೆಯುವವನು. ಅವನ ಕೆಲಸ ಪಾಯಿಂಟಿನ ಅಂಕಣದಲ್ಲಿ ಕಾಣುವುದೇ ಇಲ್ಲ. ಅವನು 2000ದಲ್ಲಿ ಲೀಗಿನ ಅತ್ಯುತ್ತಮ ಆಟಗಾರನಾದ. 2007ರ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ಅನಾಹೈಮ್ ಪರ ಆಡಿ ನಮ್ಮನ್ನೇ ಸೋಲಿಸಿದ. ಎರಡನೆಯವನನ್ನು ಈ ಊರು ಚೆನ್ನಾಗಿಯೇ ನೆನಪಿಟ್ಟುಕೊಂಡಿದೆ ಬಿಡು. ಡೇಗ್‌ನ ಮೇಲೆ ನನಗೆ ಸಿಟ್ಟಿಲ್ಲ. ಹದಿನೆಂಟರ ಹುಡುಗನ ಕೈಗೆ ಒಂದು ಊರಿನ ಆಸೆಯನ್ನೆಲ್ಲ ಕೊಟ್ಟು ಹೊತ್ತುಕೋ ಎಂದವರು ನಾವು.

ನಿಮ್ಮಪ್ಪ ಇನ್ನೊಂದು ಮಾತು ಹೇಳಿದ, ಅದಕ್ಕೇ ಇಷ್ಟು ಉದ್ದ ಬರೆದೆ. ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆಗೆ ಮೊದಲು ಬಂದವಳು ಇಲ್ಲಿಯ ಮೊದಲ ಸೆಮಿಸ್ಟರಿನ ಗ್ರೇಡ್ ನೋಡಿ ಮಂಕಾಗಿದ್ದೀಯಂತೆ, ಚೀನಾದಿಂದ ಬಂದ ರೂಮ್‌ಮೇಟಿನ ಗ್ರೇಡನ್ನು ಪಕ್ಕದಲ್ಲಿಟ್ಟು ನೋಡುತ್ತೀಯಂತೆ. ಆ ಹುಡುಗಿ ಮೂರು ವರ್ಷದಿಂದ ಇಲ್ಲೇ ಇದ್ದಾಳೆಂದು ನೀನೇ ದೊಡ್ಡಮ್ಮನಿಗೆ ಹೇಳಿದ್ದೆ. ಹಾಗಾದರೆ ಅವಳು ಸ್ಯಾಮ್ಸೊನೊವ್. ನೀನು ಮೊನ್ನೆ ತಾನೇ ವಿಮಾನ ಇಳಿದು, ಮೈನಸ್ ಇಪ್ಪತ್ತರಲ್ಲಿ ಬಸ್ಸಿಗೆ ಕಾಯುವುದನ್ನೂ ಪ್ರೊಫೆಸರರ ಫ್ರೆಂಚ್ ಇಂಗ್ಲಿಷನ್ನೂ ಒಟ್ಟಿಗೇ ಕಲಿಯುತ್ತಿದ್ದೀಯ. ಗ್ರೇಡ್ ಕಡಿಮೆಯಾದದ್ದು ನಿಜ, ಅದನ್ನು ಅಲ್ಲಗಳೆಯಬೇಡ. ಯಾಕೆ ಎಂದು ಹುಡುಕು, ಪ್ರೊಫೆಸರರನ್ನು ಹೋಗಿ ಕೇಳು, ಬರುವ ವರ್ಷದ್ದನ್ನು ಇದರ ಪಕ್ಕ ಇಡು. ನಿನ್ನ ಸಾಲಿನ ಪಕ್ಕ ಇನ್ನೊಬ್ಬರ ಸಾಲು ಬೇಡ.

ಪಟ್ಟಿಗೆ ನಾಲ್ಕು ಅಂಕಣ ಸೇರಿಸಿ ಕಳಿಸು: ಸೀಸನ್ ಶುರುವಾದ ದಿನದ ವಯಸ್ಸು, ಆಡಿದ ಪಂದ್ಯ, ಹಿಂದಿನ ವರ್ಷದ ಲೀಗು, ಆಡುವ ಜಾಗ. ನಾಲ್ಕನೇ ವರ್ಷದ ಪಾಯಿಂಟನ್ನೂ ಹಾಕು. ಕ್ರಮಾಂಕ ಎಷ್ಟು ಏರುಪೇರಾಗುತ್ತದೆ ಎನ್ನುವುದೇ ನಿನ್ನ ಪ್ರಾಜೆಕ್ಟ್ ಆದೀತು.

ಅಕ್ಟೋಬರಿನಲ್ಲಿ ಸೀಸನ್ ಶುರುವಾದಾಗ ಬಂದುಹೋಗು, ಬಸ್ಸಿನಲ್ಲಿ ಎರಡೂವರೆ ಗಂಟೆ ದಾರಿ. ಕೆನೇಡಿಯನ್ಸ್ ಜರ್ಸಿ ಹಾಕಿಕೊಂಡು ಬಂದರೂ ನಿನ್ನ ದೊಡ್ಡಮ್ಮ ಊಟ ಹಾಕುತ್ತಾಳಂತೆ, ನಾನಿನ್ನೂ ಒಪ್ಪಿಲ್ಲ.

ಇತಿ ನಿನ್ನ ಪ್ರೀತಿಯ
ದೊಡ್ಡಪ್ಪ