ಕತ್ತರಿಸಿ ತೆಗೆದ ಅರವತ್ಮೂರನೇ ಪುಟ

ಮುನ್ನೂರು ಪ್ರತಿಗಳಿಂದ ಒಂದೊಂದೇ ಹಾಳೆ ಕತ್ತರಿಸಿ ತೆಗೆದೆವು. ಅದರ ಅಗತ್ಯವೇ ಇರಲಿಲ್ಲ ಎಂದು ಗೊತ್ತಾಗಿದ್ದು ಏಳು ತಿಂಗಳ ಮೇಲೆ. ಸಿಟ್ಟು ಇನ್ನೂ ಆರಿಲ್ಲ. ಹಳೆಯ ಫೋಟೊ ಇಟ್ಟುಕೊಂಡು ಪುಸ್ತಕ ಮಾಡುವ ಬೇರೆಯವರಿಗೆ ಈ ಗತಿ ಬಾರದಿರಲಿ ಎಂದು ಬರೆಯುತ್ತಿದ್ದೇನೆ.

ಪುಸ್ತಕ ಅಪ್ಪನ ಹೌರಾ ದಿನಗಳದ್ದು. ಹಳೆಯ ತೇಲುಸೇತುವೆಯ ಚಿತ್ರ ಅದರಲ್ಲಿ ಇರಲೇಬೇಕೆಂದು ನನ್ನ ಹಟ. ಈಗಿನ ಉಕ್ಕಿನ ಸೇತುವೆ 1943ರದ್ದು. ಅದಕ್ಕೆ ಮುಂಚೆ, 1874ರಿಂದ, ಹೂಗ್ಲಿ ದಾಟಲು ಇದ್ದದ್ದು ತೇಲುವ ಪೆಟ್ಟಿಗೆಗಳ ಮೇಲೆ ನಿಂತ ಸೇತುವೆ. ಹಡಗು ಬಂದರೆ ನಡುವಿನ ಭಾಗ ಸರಿಸಿ ದಾರಿ ಬಿಡುತ್ತಿದ್ದರು. ಆಚೆ ದಡದ ಒಂದು ಸಂಗ್ರಹಾಲಯದಲ್ಲಿ ಫೋಟೊ ಸಿಕ್ಕಿತು. ಎತ್ತಿನ ಗಾಡಿಗಳ ಸಾಲು, ಬಲಮೂಲೆಯಲ್ಲಿ ಕೊಡೆ ಹಿಡಿದು ಹಿಂತಿರುಗಿ ನೋಡುತ್ತಿರುವ ಒಬ್ಬ ಮನುಷ್ಯ. ಪಟ್ಟಿಯಲ್ಲಿ ‘ಕಾಲ ತಿಳಿಯದು’ ಎಂದಿತ್ತು. ಕೌಂಟರಿನಲ್ಲಿ ಕೊಟ್ಟ ಫಾರ್ಮಿಗೆ ಓದದೆ ಸಹಿ ಹಾಕಿ ಸ್ಕ್ಯಾನ್ ತಂದೆ.

ಧಾರವಾಡದಲ್ಲಿ ಅಚ್ಚಾದ ಪುಸ್ತಕದ ಒಂದು ಗೌರವಪ್ರತಿಯನ್ನು ನಾನೇ ಹೋಗಿ ಸಂಗ್ರಹಾಲಯಕ್ಕೆ ಕೊಟ್ಟೆ. ವಾರದೊಳಗೆ ಅಧಿಕಾರಿಯ ಪತ್ರ ಬಂತು: ನಮ್ಮ ಕಾಪಿರೈಟ್ ಉಲ್ಲಂಘನೆಯಾಗಿದೆ, ಪುಟ ತೆಗೆಯದೆ ಒಂದು ಪ್ರತಿಯನ್ನೂ ಮಾರಕೂಡದು. ಯಾವ ಕಾಯ್ದೆ, ಯಾವ ಕಲಂ, ಒಂದಕ್ಷರವಿಲ್ಲ. ಹುಬ್ಬಳ್ಳಿಯಲ್ಲಿ ವಕೀಲನಾಗಿರುವ ಭಾವನಿಗೆ ಫೋನ್ ಮಾಡಿದೆ. “ಫೋಟೊ ಅವರದ್ದು ಅಂದಮೇಲೆ ಹಕ್ಕೂ ಅವರದ್ದೇ, ಸುಮ್ಮನೆ ಹರಿದುಹಾಕು” ಎಂದುಬಿಟ್ಟ. ಜಮೀನಿನ ವ್ಯಾಜ್ಯ ಬಿಟ್ಟು ಬೇರೆ ನೋಡದವನ ಮಾತನ್ನು ವೇದವಾಕ್ಯ ಮಾಡಿಕೊಂಡೆ.

ಹೌರಾದ ಶಿಬ್‌ಪುರದ ನಮ್ಮ ಮನೆಯಲ್ಲಿ ಎರಡು ರಾತ್ರಿ. ಹೊರಗೆ ಜಡಿಮಳೆ, ಒಳಗೆ ಸೆಕೆ. ಹೆಂಡತಿ ಪುಸ್ತಕ ಬಿಡಿಸಿ ಅದುಮಿ ಹಿಡಿಯುವುದು, ನಾನು ಸ್ಟೀಲ್ ಅಡಿಪಟ್ಟಿ ಇಟ್ಟು ಬ್ಲೇಡ್ ಎಳೆಯುವುದು. ಹೊಲಿಗೆಯ ಪುಸ್ತಕದಲ್ಲಿ ಬುಡಕ್ಕೇ ಕತ್ತರಿಸಿದರೆ ಜೋಡಿ ಹಾಳೆಯೂ ಕಳಚಿ ಬರುತ್ತದೆ. ಮೊದಲ ಆರು ಪ್ರತಿ ಹಾಗೇ ಕೆಟ್ಟವು. ಆಮೇಲೆ ಅರ್ಧ ಇಂಚು ಅಂಚು ಬಿಟ್ಟು ಕತ್ತರಿಸಿದೆವು. ಚಿತ್ರವೊಂದೇ ಹೋಗಿದ್ದರೆ ಸಹಿಸುತ್ತಿದ್ದೆ. ಹಾಳೆಯ ಹಿಂಬದಿಯಲ್ಲಿ, ಅಪ್ಪ ತಗಡಿನ ಟ್ರಂಕು ಹೊತ್ತು ಹೌರಾ ಸ್ಟೇಷನ್ನಿನಲ್ಲಿ ಮೊದಲ ಸಲ ಇಳಿದ ಬೆಳಗಿನ ವರ್ಣನೆಯಿತ್ತು. ಇನ್ನೂರರ ಹತ್ತಿರ ಬಂದಾಗ ಹೆಂಡತಿ ಆ ಸಾಲುಗಳನ್ನು ಓದುತ್ತಾ ಅತ್ತಳು. ನಾನು ಬ್ಲೇಡ್ ಬದಲಿಸಿ ಮುಂದುವರಿಸಿದೆ.

ಚಳಿಗಾಲದಲ್ಲಿ ಕೋಲ್ಕತ್ತದ ಕಾಲೇಜ್ ಸ್ಟ್ರೀಟಿನ ಫುಟ್‌ಪಾತಿನಲ್ಲಿ ಹಳೆಯ ಚಿತ್ರ ಅಂಚೆಕಾರ್ಡುಗಳ ಕಟ್ಟು ಮಗುಚುತ್ತಿದ್ದೆ. ಕೊಡೆಯ ಮನುಷ್ಯ ಅಲ್ಲಿದ್ದ! ಅದೇ ಗಾಡಿಗಳು, ಅದೇ ತಿರುಗಿ ನೋಡುವ ಭಂಗಿ. ಕಾರ್ಡಿನ ಹಿಂಬದಿಯಲ್ಲಿ ಏಳನೇ ಎಡ್ವರ್ಡನ ಅಂಚೆಚೀಟಿ, ಅದರ ಮೇಲೆ 1906ರ ಮುದ್ರೆ. ಅಂದರೆ ಚಿತ್ರ ತೆಗೆದದ್ದು 1906ರೊಳಗೇ.

ಆಗ ಕಾಯ್ದೆಯನ್ನು ನಾನೇ ಓದಿದೆ. 1914ರಲ್ಲಿ ಭಾರತಕ್ಕೆ ಹೊಂದಿಸಿದ್ದ 1911ರ ಬ್ರಿಟಿಷ್ ಕಾಯ್ದೆಯಲ್ಲಿ ಫೋಟೊದ ಹಕ್ಕು ನೆಗೆಟಿವ್ ಆದ ದಿನದಿಂದ 50 ವರ್ಷ ಮಾತ್ರ. ನಮ್ಮ 1957ರ ಕಾಯ್ದೆ ಜಾರಿಗೆ ಬಂದದ್ದು 1958ರ ಜನವರಿ 21ಕ್ಕೆ; ಅಷ್ಟರಲ್ಲಿ ಮುಗಿದಿದ್ದ ಹಕ್ಕಿಗೆ ಅದು ಮರುಜೀವ ಕೊಡುವುದಿಲ್ಲ. ನಾನು ಕತ್ತರಿಸಿದ ಚಿತ್ರದ ಹಕ್ಕು ನಾನು ಹುಟ್ಟುವ ಮುಂಚೆಯೇ ಮುಗಿದಿತ್ತು. ಪ್ರಿಂಟು ಬೀರುವಿನಲ್ಲಿದ್ದ ಮಾತ್ರಕ್ಕೆ ಸಂಗ್ರಹಾಲಯಕ್ಕೆ ಕಾಪಿರೈಟ್ ಬರುವುದಿಲ್ಲ.

ಆದರೆ ಆ ಫಾರ್ಮು? ಅನುಮತಿಯಿಲ್ಲದೆ ಸ್ಕ್ಯಾನ್ ಅಚ್ಚು ಹಾಕುವುದಿಲ್ಲ ಎಂಬ ಒಪ್ಪಂದ ಅದರಲ್ಲಿತ್ತು, ಕೆಳಗೆ ನನ್ನ ಸಹಿ. ಅಧಿಕಾರಿ ಅದನ್ನು ಹೇಳಿದ್ದರೆ ತಲೆಬಾಗುತ್ತಿದ್ದೆ, ಶುಲ್ಕ ಕಟ್ಟುತ್ತಿದ್ದೆ. ಇಲ್ಲದ ಹಕ್ಕಿನ ಹೆಸರು ಹೇಳಿ ಹೆದರಿಸಿದ್ದು ಅನ್ಯಾಯ.

ಹಾಗಾಗಿ, ಫಾರ್ಮು ಓದಿ. ಸ್ಕ್ಯಾನ್ ಸಾಕೆನ್ನದೆ ಮೂಲ ಪ್ರಿಂಟಿನ ಬೆನ್ನು ತಿರುಗಿಸಿ ತೋರಿಸಲು ಕೇಳಿ. ಸ್ಟುಡಿಯೊ ಮುದ್ರೆ, ಪೆನ್ಸಿಲ್ ಬರಹ ಅಲ್ಲೇ ಇರುವುದು. 1908ಕ್ಕಿಂತ ಹಿಂದಿನದೆಂದು ಸಾಬೀತಾದರೆ ಕಾಪಿರೈಟಿನ ಚಿಂತೆಯಿಲ್ಲ. ಆಮೇಲಿನವಕ್ಕೆ ಲೆಕ್ಕ ಬೇರೆ: 1957ರ ಕಾಯ್ದೆ ಪ್ರಕಟಣೆಯಿಂದ ಎಣಿಸಿತು, 50 ಇದ್ದದ್ದು ರವೀಂದ್ರನಾಥರ ಕೃತಿಗಳ ನಿಮಿತ್ತ 1992ರಲ್ಲಿ 60 ಆಯಿತು, 2012ರ ತಿದ್ದುಪಡಿ ಛಾಯಾಗ್ರಾಹಕನ ಜೀವಿತಾವಧಿ ಮತ್ತು ಮೇಲೆ 60 ವರ್ಷ ಎಂದಿತು. ಅಂಥವಕ್ಕೆ ಈ ವಿಷಯ ಬಲ್ಲ ವಕೀಲರನ್ನೇ ಕೇಳಿ, ಭಾವನನ್ನಲ್ಲ.

ಅಧಿಕಾರಿಗೆ ಇದೆಲ್ಲ ಬರೆದೆ. ಉತ್ತರವಿಲ್ಲ. ಕಾರ್ಡು ನಾನು ಕೊಂಡದ್ದು, ಅದಕ್ಕೆ ಯಾರ ಫಾರ್ಮೂ ಇಲ್ಲ. ಅದನ್ನೇ ಸ್ಕ್ಯಾನ್ ಮಾಡಿ ಧಾರವಾಡಕ್ಕೆ ಕಳಿಸಿದ್ದೇನೆ. ಹೊಸ ಹಾಳೆ ಅಚ್ಚಾಗಿ ಬಂದ ಮೇಲೆ, ಪುಸ್ತಕ ಕೊಂಡವರಿಗೆಲ್ಲ ಒಂದೊಂದು ಅಂಚೆಯಲ್ಲಿ ಕಳಿಸುತ್ತೇನೆ. ಬಿಟ್ಟಿರುವ ಅರ್ಧ ಇಂಚಿನ ಅಂಚಿಗೆ ಅಂಟಿಸಿಕೊಳ್ಳಬಹುದು.